ಹಳೇ ಪ್ರೊಜೆಕ್ಟರ್, ಹೊಸ ಲ್ಯಾಪ್‌ಟಾಪ್: ಕೊನೆಗೂ ಹೊಂದಿಸಿದೆ

ದಾವಣಗೆರೆ ಸುತ್ತಮುತ್ತ ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಒಂದು ಸಭಾಂಗಣದಲ್ಲಿ 1024×768 ಚುಕ್ಕೆಗಳ (ಪಿಕ್ಸೆಲ್), ಹಳೇ ವಿಜಿಎ ಕೇಬಲ್‌ನ ಪ್ರೊಜೆಕ್ಟರ್ ಇತ್ತು. ಲ್ಯಾಂಪ್ ಚೆನ್ನಾಗಿತ್ತು. ಆದರೆ ಎಚ್‌ಡಿಎಂಐ ಮಾತ್ರ ಇರುವ ಲ್ಯಾಪ್‌ಟಾಪ್ ಹಾಕಿದರೆ ಒಮ್ಮೆ ‘ನೋ ಸಿಗ್ನಲ್’, ಒಮ್ಮೆ ‘ಔಟ್ ಆಫ್ ರೇಂಜ್’. ಚಿತ್ರ ಬಂದರೂ ಮಸುಕು. ಇಂಗ್ಲಿಷ್ ಹೇಗೋ ಓದಬಹುದಿತ್ತು, ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು.

“ಹೊಸದು ತಗೊಳ್ಳಿ ಸರ್” ಎಂದು ನೋಡಿದವರೆಲ್ಲ ಹೇಳಿದ್ದರು. ಹೊಸದಕ್ಕೆ ಸುಮಾರು 45 ಸಾವಿರ. ಸೀಲಿಂಗ್ ಬಿಚ್ಚಿ ಬೇರೆ ಕೇಬಲ್ ಎಳೆಯಲು 12-13 ಸಾವಿರ. ಎರಡೂ ಬೇಡ ಎಂದು ನಾನು ಹೇಳಿದಾಗ ನನ್ನ ಜೊತೆಯ ಹುಡುಗರೇ ನಂಬಲಿಲ್ಲ.

ಮೊದಲು ಎಚ್‌ಡಿಎಂಐಯನ್ನು ವಿಜಿಎ ಮಾಡುವ 250 ರೂಪಾಯಿಯ ಕನ್ವರ್ಟರ್ ಹಾಕಿದೆವು. ಸ್ವಲ್ಪ ಹೊತ್ತು ನಡೆದು ಪರದೆ ಕಪ್ಪಾಯಿತು. ಎಚ್‌ಡಿಎಂಐನ 5 ವೋಲ್ಟ್‌ನಲ್ಲಿ ನೆಚ್ಚಿಕೊಳ್ಳಬಹುದಾದದ್ದು 50 ಮಿಲಿಆಂಪ್ ಆಸುಪಾಸು ಅಷ್ಟೇ, ಆ ಕನ್ವರ್ಟರ್‌ಗೆ ಅದು ಸಾಲಲಿಲ್ಲ. ಆಮೇಲೆ ಯುಎಸ್‌ಬಿ ಪವರ್ ಇರುವ ಕನ್ವರ್ಟರ್ ತಂದೆ, ಆರೇಳು ನೂರು. ಕಪ್ಪಾಗುವುದು ನಿಂತಿತು, ಮಸುಕು ಹೋಗಲಿಲ್ಲ. ಸಿಗ್ನಲ್‌ಗೆ ಬಲ ಕೊಡುವ ಬೂಸ್ಟರ್‌ಗೆ ಕೊಟ್ಟ 1,200 ದಂಡವಾಯಿತು. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ರ್ಯಾಂಡರ್ ಎಂಬ ಪರದೆ ಸೆಟ್ಟಿಂಗ್‌ನ ಕಮಾಂಡ್ ಬಳಸಿ 1024×768 ಕಳಿಸಿದರೆ ಮಾತ್ರ ಅಕ್ಷರ ಅಚ್ಚು ಹಾಕಿದ ಹಾಗೆ ಬಂತು. ಅಂದರೆ ಪ್ರೊಜೆಕ್ಟರ್ ಸರಿ ಇದೆ. ಆದರೆ ಬರುವ ಅತಿಥಿಗಳೆಲ್ಲರ ಲ್ಯಾಪ್‌ಟಾಪ್ ಸೆಟ್ಟಿಂಗ್ ಬದಲಿಸುತ್ತಾ ಕೂರೋಕಾಗಲ್ಲ, ಅಲ್ವಾ? ಪರಿಹಾರ ಕೇಬಲ್ ಕಡೆಯೇ ಇರಬೇಕು.

ಗೋಡೆಯ ಪ್ಲೇಟ್ ಬಿಚ್ಚಿದೆ. ಸುಮಾರು 15 ಮೀಟರ್ ವಿಜಿಎ ಕೇಬಲ್‌ನಲ್ಲಿ ಐದೇ ಎಳೆ: ಮೂರು ಬಣ್ಣದವು, ಎರಡು ಸಿಂಕ್ (ಚಿತ್ರವನ್ನು ಜಾಗಕ್ಕೆ ಹೊಂದಿಸುವ ಸಿಗ್ನಲ್). 12 ಮತ್ತು 15ನೇ ಪಿನ್ ಖಾಲಿ. ಇಡಿಐಡಿ, ಅಂದರೆ ‘ನನಗೆ ಇಂಥ ಅಳತೆಯ ಚಿತ್ರ ಕಳಿಸು’ ಎಂದು ಪ್ರೊಜೆಕ್ಟರ್ ಹೇಳುವ ಮಾಹಿತಿ, ಬರುವ ದಾರಿಯೇ ಅದು. ಅದಿಲ್ಲದೆ ಕನ್ವರ್ಟರ್ ತನ್ನದೇ ಅಳತೆಗಳ ಪಟ್ಟಿ ಕೊಡುತ್ತಿತ್ತು, ಲ್ಯಾಪ್‌ಟಾಪ್ 1920×1080 ಕಳಿಸುತ್ತಿತ್ತು. ಅದನ್ನು ಕುಗ್ಗಿಸಿ ತೋರಿಸುವಾಗಲೇ ಮಸುಕು.

ಇಡಿಐಡಿ ಕಾಪಿ ಮಾಡಿಕೊಂಡು ಪ್ರೊಜೆಕ್ಟರ್ ಬದಲು ತಾನೇ ಕೊಡುವ ಎಮ್ಯುಲೇಟರ್ ತರಿಸಿದೆ, ಸುಮಾರು 1,500. ಏಣಿ ಹತ್ತಿ, ಎಲ್ಲ ಪಿನ್ ಇರುವ ಗಿಡ್ಡ ಕೇಬಲ್‌ನಲ್ಲಿ ಪ್ರೊಜೆಕ್ಟರ್‌ಗೇ ನೇರ ಜೋಡಿಸಿ ಕಾಪಿ ಮಾಡಿಕೊಂಡೆ. ಆ ಇಡಿಐಡಿಯ 128 ಬೈಟ್‌ಗಳಲ್ಲಿ ಒಂದೆರಡು ಬದಲಾವಣೆ ಮಾಡಿದೆ. ಯಾವುವು ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ನೀವೇ ಮಾಡುವುದಾದರೆ ಕೊನೆಯ ಬೈಟ್‌ನ ಚೆಕ್‌ಸಮ್ (ಉಳಿದ ಬೈಟ್‌ಗಳು ಸರಿ ಇವೆಯೇ ಎಂದು ತಾಳೆ ನೋಡುವ ಸಂಖ್ಯೆ) ಸರಿಹೊಂದಿಸಿ. ಆಮೇಲೆ ಎಮ್ಯುಲೇಟರ್, ಕನ್ವರ್ಟರ್ ಎರಡನ್ನೂ ಪೋಡಿಯಂ ಒಳಗೆ ಕೂರಿಸಿದೆ. ಈಗ ಯಾರ ಲ್ಯಾಪ್‌ಟಾಪ್ ಹಾಕಿದರೂ ಚಿತ್ರ ತಾನಾಗೇ ಸರಿ ಬರುತ್ತದೆ. ದಂಡವಾದದ್ದೂ ಸೇರಿ ಖರ್ಚು ನಾಲ್ಕು ಸಾವಿರ ದಾಟಲಿಲ್ಲ.

ಪ್ಲೇಟ್ ಬಿಚ್ಚಿದ್ದಾಗಲೇ ಒಂದೊಂದೇ ಎಳೆ ಕಳಚಿ ನೋಡಿದೆ. ನೀಲಿ ತೆಗೆದರೆ ಬಿಳಿ ಪರದೆ ಹಳದಿ, ಹಸಿರು ತೆಗೆದರೆ ಗುಲಾಬಿ-ನೇರಳೆ, ಕೆಂಪು ತೆಗೆದರೆ ತಿಳಿ ನೀಲಿ-ಹಸಿರು. ಈಗ ಫೋನ್‌ನಲ್ಲಿ ಬಣ್ಣ ಕೇಳಿಯೇ ಯಾವ ಎಳೆ ಹೋಗಿದೆ ಎಂದು ಹೇಳುತ್ತೇನೆ.

ಕೊನೆಯದಾಗಿ ರಿಮೋಟ್‌ನ ‘ಆಟೋ’ ಒತ್ತುವಾಗ ಅಂಚಿನವರೆಗೂ ಬಿಳಿ ಇರುವ ಸ್ಲೈಡ್ ಹಾಕಿ. ಅಂಚು ಕಪ್ಪಿದ್ದರೆ ಪ್ರೊಜೆಕ್ಟರ್‌ಗೆ ಚಿತ್ರದ ಅಳತೆ ಸಿಗುವುದಿಲ್ಲ, ಪಕ್ಕಕ್ಕೆ ಸರಿದು ನಿಲ್ಲುತ್ತದೆ.