ಮರದ ಹೊಟ್ಟಿನಿಂದ ಸಕ್ಕರೆ: ಕಿಣ್ವಕ್ಕೆ ಪಾಲಿಮರ್ ನೆರವು

ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ದೊರೆಯುವ ಮರದ ಹೊಟ್ಟಿನಲ್ಲಿ ಸುಮಾರು ಶೇಕಡ 40ರಷ್ಟು ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಸರಪಳಿಗಳಿಂದಾದ ನಾರು, ಇರುತ್ತದೆ. ಅದನ್ನು ಗ್ಲೂಕೋಸ್ ಆಗಿ ಒಡೆಯಬಲ್ಲ ಸೆಲ್ಯುಲೇಸ್ ಕಿಣ್ವದ ಗಣನೀಯ ಪಾಲು, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಪದಾರ್ಥಕ್ಕೆ ಅಂಟಿಕೊಂಡು ವ್ಯರ್ಥವಾಗುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್, ಅಂದರೆ ಪಿಇಜಿ, ಲಿಗ್ನಿನ್ನಿನ ಮೇಲ್ಮೈಯನ್ನು ಮೊದಲೇ ಆವರಿಸಿ ಈ ನಷ್ಟವನ್ನು ತಗ್ಗಿಸುತ್ತದೆ. ಇಲ್ಲಿ ಜೀವತಂತ್ರಜ್ಞಾನ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಾಲಯದಲ್ಲಿಯೇ, ಮಾರ್ಗದರ್ಶಕರ ಸಮ್ಮುಖದಲ್ಲಿ, ಇದನ್ನು ಪರೀಕ್ಷಿಸಬಹುದು.

ಪ್ಲೈವುಡ್ ಹೊಟ್ಟಿನಲ್ಲಿ ಅಂಟು ಬೆರೆತಿರುವುದರಿಂದ ಗಟ್ಟಿ ಮರದ ಹೊಟ್ಟನ್ನೇ ಆರಿಸಿ, ಜರಡಿ ಹಿಡಿಯಿರಿ. ಹತ್ತು ಪಟ್ಟು ಪ್ರಮಾಣದ ಶೇಕಡ 1ರ ಗಂಧಕಾಮ್ಲದಲ್ಲಿ ನೆನೆಸಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯ ಪಾತ್ರೆಯಲ್ಲಿ) 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ ಇಡಿ. ಮರದ ಇನ್ನೊಂದು ಘಟಕವಾದ ಹೆಮಿಸೆಲ್ಯುಲೋಸ್ ಬಹುಮಟ್ಟಿಗೆ ಕರಗಿ, ಲಿಗ್ನಿನ್ ಉಳಿಯುತ್ತದೆ. ಆಮ್ಲ ಹೋಗುವ ತನಕ ತೊಳೆಯಿರಿ, ಆದರೆ ಒಣಗಿಸಬೇಡಿ. ಒಣಗಿದರೆ ನಾರಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ಕಿಣ್ವಕ್ಕೆ ದಾರಿಯೇ ಇರದಂತಾಗುತ್ತದೆ. ತೇವಾಂಶವನ್ನು ಬೇರೆ ಸಣ್ಣ ಮಾದರಿಯಲ್ಲಿ ಅಳೆಯಿರಿ.

ಮುಂದಿನ ಹಂತದಲ್ಲಿ ಕ್ರಮವೇ ಮುಖ್ಯ. ಒಣ ತೂಕದ ಲೆಕ್ಕದಲ್ಲಿ 1 ಗ್ರಾಂ ಹೊಟ್ಟನ್ನು, 4.8 ಪಿಎಚ್ ಇರುವ 50 ಮಿಲಿಲೀಟರ್ ಸಿಟ್ರೇಟ್ ಬಫರ್‌ಗೆ ಹಾಕಿ, ಫ್ಲಾಸ್ಕ್‌ಗಳನ್ನು ಮತ್ತೊಮ್ಮೆ ಆಟೋಕ್ಲೇವ್ ಮಾಡಿದರೆ ಬೂಸ್ಟು ಕಾಡುವುದು ಕಡಿಮೆ. ತಣಿದ ಮೇಲೆ 50 ಮಿಲಿಗ್ರಾಂ ಪಿಇಜಿ 4000 (ಸರಾಸರಿ ಅಣುತೂಕ ಸುಮಾರು 4000 ಇರುವ ಪಿಇಜಿ) ಸೇರಿಸಿ, 50 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿ, ನಂತರವಷ್ಟೇ ಕಿಣ್ವ ಹಾಕಿ. ಸೆಲ್ಯುಲೋಸ್‌ನ ಪ್ರತಿ ಗ್ರಾಂಗೆ 15 ಫಿಲ್ಟರ್ ಪೇಪರ್ ಯೂನಿಟ್ (ಸೆಲ್ಯುಲೇಸ್‌ನ ಚಟುವಟಿಕೆಯ ಅಳತೆ) ಸಾಕು.

ಪಿಇಜಿ ಇಲ್ಲದ ಫ್ಲಾಸ್ಕ್, ಕಿಣ್ವ ಇಲ್ಲದ ಫ್ಲಾಸ್ಕ್, ಲಿಗ್ನಿನ್ ಇಲ್ಲದ ಶುದ್ಧ ಸೆಲ್ಯುಲೋಸ್‌ನ ಜೋಡಿ (ಪಿಇಜಿ ಇರುವುದೊಂದು, ಇಲ್ಲದ್ದೊಂದು), ಇವಿಲ್ಲದೆ ಪ್ರಯೋಗವನ್ನು ಆರಂಭಿಸಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಹೊಟ್ಟಿನಲ್ಲಿ ಇಳುವರಿ ಏರಿ, ಶುದ್ಧ ಸೆಲ್ಯುಲೋಸ್‌ನಲ್ಲಿ ಹೆಚ್ಚು ಬದಲಾಗದಿದ್ದರೆ, ಪಾಲಿಮರ್ ಲಿಗ್ನಿನ್ನನ್ನೇ ತಡೆದಿದೆ ಎನ್ನಲು ಬಲವಾದ ಆಧಾರ ಸಿಗುತ್ತದೆ. ಕ್ಷಾರದಿಂದ ಲಿಗ್ನಿನ್ ತೆಗೆದ ಹೊಟ್ಟಿನಲ್ಲಿ ಈ ಲಾಭ ಕುಗ್ಗುವುದೂ ಇದೇ ಕಾರಣಕ್ಕೆ.

ಮಾದರಿಗಳನ್ನು 24, 48, 72 ಗಂಟೆಗಳಲ್ಲಿ ತೆಗೆದು, 10 ನಿಮಿಷ ಕುದಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿ. ರಕ್ತದ ಸಕ್ಕರೆ ಅಳೆಯುವ ಜಿಒಡಿ-ಪಿಒಡಿ ಕಿಟ್ ಗ್ಲೂಕೋಸನ್ನು ಮಾತ್ರ ಗುರುತಿಸುವುದರಿಂದ ಇಲ್ಲಿ ಅನುಕೂಲ. ಒಡೆಯುವಾಗ ಸೇರಿಕೊಂಡ ನೀರಿನ ತೂಕವನ್ನು ಬಿಡಲು, ಬಂದ ಗ್ಲೂಕೋಸನ್ನು 0.9ರಿಂದ ಗುಣಿಸಿ, ಹೊಟ್ಟಿನಲ್ಲಿದ್ದ ಸೆಲ್ಯುಲೋಸ್‌ನಿಂದ ಭಾಗಿಸಿದರೆ ಪರಿವರ್ತನೆಯ ಪ್ರಮಾಣ ತಿಳಿಯುತ್ತದೆ. ಅನಂತರ ಕಿಣ್ವವನ್ನು ಅರ್ಧಕ್ಕಿಳಿಸಿ, ಪಿಇಜಿಯೊಂದಿಗೆ ಅದೇ ಇಳುವರಿ ಬರುತ್ತದೆಯೇ ಎಂದು ನೋಡಿ. ಎಥನಾಲ್ ಸ್ಥಾವರಗಳಿಗೆ ಕಿಣ್ವವೇ ದುಬಾರಿಯಾದ್ದರಿಂದ ಅವರು ಕೇಳುವುದು ಎಷ್ಟು ಕಿಣ್ವ ಉಳಿಯುತ್ತದೆ ಎಂಬ ಅಂಕಿಯನ್ನೇ.