ಪುಟ್ಟ ಮಗುವಿನ ಜೊತೆ ಎದುರು ಕೂತು ಮಾತಾಡಿ
ಆರು ತಿಂಗಳ ಮಗುವಿಗೆ ಏನು ಗೊತ್ತಾಗುತ್ತದೆ ಎಂದು ಸುಮ್ನೆ ಇರಬೇಡಿ. ಆ ವಯಸ್ಸಿನಲ್ಲಿ ಬೇರೆ ಭಾಷೆಯ ಧ್ವನಿಗಳ ವ್ಯತ್ಯಾಸ ಗುರುತಿಸುವುದರಲ್ಲಿ ಅದರ ಕಿವಿ ನಮಗಿಂತ ಚುರುಕು. ಇಂಗ್ಲಿಷ್ ಮನೆಮಾತಿನ ಮಕ್ಕಳು 6–8 ತಿಂಗಳಲ್ಲಿ ಹಿಂದಿಯ ‘ತ’, ‘ಟ’ ಬೇರೆ ಎಂದು ಗುರುತಿಸುತ್ತವೆ ಅಂತ 1984ರಲ್ಲೇ ಮನಶ್ಶಾಸ್ತ್ರಜ್ಞರಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ತೋರಿಸಿದ್ದರು. ವರ್ಷ ತುಂಬುವಷ್ಟರಲ್ಲಿ ಈ ಚುರುಕು ತುಂಬಾ ಇಳಿಯುತ್ತದೆ. (ದೊಡ್ಡವರ ಪಾಡು ಕೇಳಲೇಬೇಡಿ!) ಕಿವಿ ಮನೆಮಾತಿಗೆ ಒಗ್ಗಿಕೊಳ್ಳುತ್ತದೆ, ಅಷ್ಟೆ.

ಹಾಗಾಗಿ ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಮುಖ ನೋಡಿ ಮಾತಾಡಿ. ಸ್ವಲ್ಪ ಎಳೆದು, ರಾಗವಾಗಿ ಹೇಳಿದರೆ ಮಕ್ಕಳು ಜಾಸ್ತಿ ಗಮನ ಕೊಡುತ್ತವೆ. ಮಗು ‘ಬಬಬ’ ಅಂದರೆ ನೀವೂ ಉತ್ತರ ಕೊಡಿ. ಮಾತು ಕಲಿಸಲು ವಿಡಿಯೋ ನಂಬಿ ಕೂರಬೇಡಿ. ಒಂದು ಪ್ರಯೋಗದಲ್ಲಿ ಇಂಗ್ಲಿಷ್ ಮನೆಮಾತಿನ 9 ತಿಂಗಳ ಮಕ್ಕಳು ಎದುರಿಗಿದ್ದವರಿಂದ ಚೀನಿ ಧ್ವನಿಗಳನ್ನು ಕಲಿತವು, ವಿಡಿಯೋದಿಂದ ಕಲಿಯಲಿಲ್ಲ. ಶಬ್ದಕ್ಕೆ ತಿರುಗದ ಮಗುವಾದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ.