ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ಹಸಿ: ಓವನ್ ಸರಿಮಾಡಿಕೊಂಡ ನನ್ನ ಅನುಭವ

ನಮ್ಮ ಎಲೆಕ್ಟ್ರಿಕ್ ಓವನ್‌ನಲ್ಲಿ ಏನೇ ಬೇಕ್ ಮಾಡಿದರೂ ಹಿಂದಿನ ಎಡಮೂಲೆ ಕಪ್ಪಾಗುತ್ತಿತ್ತು, ಬಾಗಿಲ ಹತ್ತಿರ ಬಲಗಡೆ ಹಸಿಯಾಗೇ ಉಳಿಯುತ್ತಿತ್ತು. ಮಧ್ಯದಲ್ಲಿ ಟ್ರೇ ತಿರುಗಿಸಿಟ್ಟು ಕಾಲ ತಳ್ಳಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಕೇಕ್ ಉಬ್ಬುವ ಹೊತ್ತಲ್ಲಿ ಬಾಗಿಲು ತೆಗೆದರೆ ಅದು ಕುಸಿಯುವ ಭಯ ಇದ್ದೇ ಇರುತ್ತದೆ, ಅಲ್ವಾ? ಹಾಗಾಗಿ ಕಾರಣವನ್ನೇ ಹುಡುಕೋಣ ಅಂತ ಹೊರಟೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬಿಸಿ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನೋದು ಕಣ್ಣಿಗೆ ಕಾಣಬೇಕು. ಅದಕ್ಕೆ ಬ್ರೆಡ್ ಸಾಕು. ಓವನ್ನನ್ನು 180 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ಮಧ್ಯದ ರ‍್ಯಾಕ್ ತುಂಬಾ ಬ್ರೆಡ್ ಹೋಳು ಜೋಡಿಸಿ, ಒಂದೆರಡು ಹೋಳು ಕಂದು ಬಣ್ಣಕ್ಕೆ ಬಂದ ಕೂಡಲೇ ಎಲ್ಲವನ್ನೂ ತೆಗೆದು, ಇದ್ದ ಕ್ರಮದಲ್ಲೇ ಮೇಜಿನ ಮೇಲಿಟ್ಟು ಫೋಟೋ ಹೊಡೆದುಕೊಳ್ಳಿ. ಪ್ರತಿ ಹೋಳಿನ ತಳವನ್ನೂ ತಿರುಗಿಸಿ ನೋಡಿ. ಮೇಲೆ ಕೆಂಪಾಗಿ ತಳ ಬೆಳ್ಳಗೇ ಇದ್ದರೆ ಕೆಳಗಿನ ಎಲಿಮೆಂಟ್ (ಕಾದು ಬಿಸಿ ಕೊಡುವ ಸರಳು) ಮೇಲೆ ಅನುಮಾನ ಪಡಬೇಕು. ಮೇಲೂ ಕೆಳಗೂ ಒಂದೇ ಥರ ಇದ್ದು, ಎಡಬಲಕ್ಕೆ ಅಥವಾ ಹಿಂದೆ ಮುಂದೆ ವ್ಯತ್ಯಾಸ ಕಂಡರೆ ಒಳಗೆ ಬಿಸಿ ಗಾಳಿ ಸುತ್ತಿಸುವ ಫ್ಯಾನ್ ಅಥವಾ ಬಾಗಿಲು ನೋಡಬೇಕು. ನನ್ನದು ಈ ಎರಡನೇ ಥರ.

ಆಮೇಲೆ ಒಳಗೆ ಒಂದು ಓವನ್ ಥರ್ಮಾಮೀಟರ್ ತೂಗುಹಾಕಿದೆ. 180ಕ್ಕೆ ಇಟ್ಟರೆ ಅದು 165ರಿಂದ 195ರ ತನಕ ಏರಿಳಿಯುತ್ತಿತ್ತು. ಇದು ಕೆಟ್ಟಿರುವ ಲಕ್ಷಣ ಅಲ್ಲ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಎಲಿಮೆಂಟನ್ನು ಆನ್ ಆಫ್ ಮಾಡುತ್ತಲೇ ಇರುತ್ತದೆ, ನೋಡಬೇಕಾದ್ದು ಸರಾಸರಿಯನ್ನು. ಇನ್ನೊಂದು ವಿಷಯ: ಪ್ರೀಹೀಟ್ ಲೈಟ್ ಆರಿದಾಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ. ಇನ್ನೊಂದು 15 ನಿಮಿಷ ಬಿಟ್ಟರೆ ಅಷ್ಟರಲ್ಲೇ ಅರ್ಧ ವ್ಯತ್ಯಾಸ ಹೋಗುವ ಓವನ್‌ಗಳೂ ಇವೆ.

ಎಲಿಮೆಂಟ್‌ಗಳನ್ನು ಮಲ್ಟಿಮೀಟರ್‌ನಲ್ಲಿ (ವಿದ್ಯುತ್ ಅಳೆಯುವ ಮೀಟರ್) ನೋಡಿದೆ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಒಂದು ವಯರ್ ಬಿಚ್ಚಿ ಅಳೆಯಬೇಕು. 230 ವೋಲ್ಟ್‌ನ 1200 ವ್ಯಾಟ್ ಎಲಿಮೆಂಟ್ ಆದರೆ ಸುಮಾರು 44 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಅದು ತುಂಡಾಗಿದೆ. ಎಲಿಮೆಂಟ್‌ನ ತುದಿಗೂ ಓವನ್ ಬಾಡಿಗೂ ಮಧ್ಯೆ ಮೀಟರ್ ಏನಾದರೂ ತೋರಿಸಿದರೆ ಆ ಓವನ್ ಬಳಸಲೇಬೇಡಿ, ಶಾಕ್ ಹೊಡೆಯುತ್ತದೆ. ನನ್ನವು ಎರಡೂ ಚೆನ್ನಾಗಿದ್ದವು. ದಯವಿಟ್ಟು ಇದೊಂದು ಮಾತು ನೆನಪಿಡಿ: ನಿಮ್ಮದು ಮೈಕ್ರೋವೇವ್ ಜೊತೆಗೆ ಸೇರಿಕೊಂಡಿರುವ ಕನ್ವೆಕ್ಷನ್ ಓವನ್ ಆದರೆ ಹೊರಕವಚ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಇನ್ನು ಬಾಗಿಲು. ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆದು ನೋಡುತ್ತಾ ಸುತ್ತ ಬಂದೆ. ಎಲ್ಲ ಕಡೆ ಬಿಗಿಯಾಗಿತ್ತು, ಬಲಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಅಲ್ಲಿ ಗ್ಯಾಸ್ಕೆಟ್ (ಬಿಸಿ ಹೊರಹೋಗದಂತೆ ಬಾಗಿಲ ಅಂಚಿಗೆ ಇರುವ ಪಟ್ಟಿ) ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಬಿಸಿ ಗಾಳಿ ಮೇಲಕ್ಕೇ ಏರುವುದರಿಂದ ಮೇಲಿನ ಸಂದು ಸಣ್ಣದಿದ್ದರೂ ನಷ್ಟ ದೊಡ್ಡದು. ಬಾಗಿಲ ಚೌಕಟ್ಟಿನ ಮೇಲಿದ್ದ ಮಾಡೆಲ್ ನಂಬರ್ ನೋಡಿ ಅದೇ ಗ್ಯಾಸ್ಕೆಟ್ ತರಿಸಿದೆ, ಮೂಲೆಯ ಕೊಕ್ಕೆಗಳನ್ನು ತೂತಿಗೆ ಒತ್ತಿದರೆ ಕೂತುಬಿಡುತ್ತದೆ. ಕೆಲವು ಓವನ್‌ಗಳಲ್ಲಿ ಗ್ಯಾಸ್ಕೆಟ್ ಮೂರೇ ಕಡೆ ಇರುತ್ತದೆ, ಕೆಳಗೆ ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನು ಮುಚ್ಚಲು ಹೋಗಬೇಡಿ.

ಇಷ್ಟಾದ ಮೇಲೂ ಎಡಮೂಲೆ ಸುಡುವುದು ನಿಲ್ಲಲಿಲ್ಲ, ಅದಕ್ಕೆ ಕಾರಣ ಫ್ಯಾನ್. ಪ್ಲಗ್ ಕಿತ್ತು ಹಿಂಗೋಡೆಯ ಜಾಲರಿ ಬಿಚ್ಚಿದರೆ ರೆಕ್ಕೆಗಳ ಮೇಲೆ ಒಂದು ಪದರ ಜಿಡ್ಡು, ಕೈಯಲ್ಲಿ ತಿರುಗಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಫ್ಯಾನ್ ನಿಧಾನವಾದರೆ ಬಿಸಿ ಗಾಳಿ ಒಂದೇ ಕಡೆ ನಿಂತುಬಿಡುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಎಷ್ಟೋ ಓವನ್‌ಗಳಲ್ಲಿ ಫ್ಯಾನಿನ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬರುತ್ತಿಲ್ಲ ಅಂತ ಸುಮ್ನೆ ಬಲ ಹಾಕಿದರೆ ಥ್ರೆಡ್ ಹಾಳು. ರೆಕ್ಕೆಯನ್ನು ಬಿಸಿನೀರು, ಪಾತ್ರೆ ಸೋಪಲ್ಲಿ ನೆನೆಸಿ ಉಜ್ಜಿ, ಶಾಫ್ಟ್ ಸುತ್ತ ಒರೆಸಿ, ಪೂರ್ತಿ ಒಣಗಿಸಿ ಹಾಕಿದೆ. ಸದ್ದಿಲ್ಲದೆ ತಿರುಗಿತು.

ಓವನ್ ತಳಕ್ಕೆ ಹಾಸಿದ್ದ ಫಾಯಿಲ್ ಕೂಡ ತೆಗೆದೆ, ಅದು ಕೆಳಗಿನ ಬಿಸಿಯನ್ನು ತಡೆಯುತ್ತದೆ. ಟ್ರೇ ಗೋಡೆಗೆ ತಾಗದಂತೆ ಸುತ್ತ ನಾಲ್ಕೈದು ಸೆಂಟಿಮೀಟರ್ ಜಾಗ ಬಿಡುತ್ತೇನೆ.

ಮತ್ತೆ ಬ್ರೆಡ್ ಇಟ್ಟು ನೋಡಿದಾಗ ಹೋಳುಗಳು ಹೆಚ್ಚುಕಮ್ಮಿ ಒಂದೇ ಬಣ್ಣಕ್ಕೆ ಬಂದವು. ಹಿಂದಿನ ಸಾಲು ಈಗಲೂ ಒಂಚೂರು ಗಾಢ, ಫ್ಯಾನ್ ಅಲ್ಲೇ ಇರುವುದರಿಂದ ಅಷ್ಟು ಸಹಜ. ಆದರೆ ಎಲ್ಲವೂ ಮೊದಲಿಗಿಂತ ಬೇಗ ಕೆಂಪಾಗತೊಡಗಿತು, ಹಾಗಾಗಿ ಈಗ ಫ್ಯಾನ್ ಹಾಕಿದಾಗ ರೆಸಿಪಿಯಲ್ಲಿ ಹೇಳಿದ್ದಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ ಇಡುತ್ತೇನೆ.